ಸದ್ದು ಮಾಡದ ಚಕ್ರ

"ಸತ್ತೋರು ಸೈಕಲ್ ತುಳೀತಾರೇನಮ್ಮಾ?"

ಬಂದವಳು ಕುಳಿತುಕೊಳ್ಳುವ ಮೊದಲೇ ಕೇಳಿದ್ದು ಇದನ್ನು. ಪಾಲಣ್ಣನ ಚಹಾದ ಲೋಟ ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಇಪ್ಪತ್ತೆಂಟು ವರ್ಷ ಜಗಳೂರಿನ ಬಸ್ಸುಗಳಲ್ಲಿ ಕಂಡಕ್ಟರಿಕೆ ಮಾಡಿ, ಕುಡುಕರನ್ನೂ ಜಗಳಗಂಟರನ್ನೂ ಒಂದೇ ಸೀಟಿ ಊದಿ ಇಳಿಸಿದ ಆಸಾಮಿ ಅವನು. ದೆವ್ವದ ಮಾತು ಬಂದರೆ ಮಾತ್ರ ಅವನ ಧೈರ್ಯ ಟಿಕೆಟ್ಟು ಕೇಳದೆ ಹಿಂಬಾಗಿಲಿನಿಂದ ಇಳಿದುಹೋಗುತ್ತಿತ್ತು.

ಶಿವಗಂಗಮ್ಮನಿಗೆ ಅಂಥ ರಗಳೆಯಿಲ್ಲ. ಗಂಡ ತೀರಿಕೊಂಡ ಮೇಲೆ ಹೊನ್ನಾಳಿಯಲ್ಲಿ ಮೂವತ್ತು ವರ್ಷ ಸೈಕಲ್ ಶಾಪು ನಡೆಸಿದ ಹೆಂಗಸು. ಪಂಕ್ಚರು ಹುಡುಕಿದಷ್ಟೇ ತಾಳ್ಮೆಯಿಂದ ಊರಿನವರ ಕಳವು, ಕಣ್ಮರೆ, ಸುಳ್ಳುಗಳನ್ನೂ ಹುಡುಕಿಕೊಟ್ಟಿದ್ದಳು. ಅಂಗಡಿ ಮುಚ್ಚಿದರೂ ಜನ ಬರುವುದು ನಿಂತಿರಲಿಲ್ಲ. ಪಕ್ಕದ ಮನೆಯ ಪಾಲಣ್ಣ ಅವಳ ಬಲಗೈ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ.

"ಕೂತ್ಕೊ ತಾಯಿ," ಎಂದಳು ಶಿವಗಂಗಮ್ಮ. "ಮೊದಲಿಂದ ಹೇಳು."

ಬಂದವಳು ನಲ್ಲೂರಿನ ಹೇಮಾವತಿ. ಗಂಡ ಮಹಾಂತೇಶನಿಗೆ ಸೈಕಲ್ಲಿನ ಹುಚ್ಚು. ಡಾಂಬರಿಗೂ ಜಲ್ಲಿ ದಾರಿಗೂ ಆಗುವ ಗ್ರಾವೆಲ್ ಬೈಕು ಇಟ್ಟುಕೊಂಡು ದಿನಾ ಬೆಳಿಗ್ಗೆ ನಾಲೆ ಏರಿಯ ಮೇಲೆ ತುಳಿಯುತ್ತಿದ್ದ. ಮದುವೆಯಾಗಿ ಹತ್ತು ವರ್ಷ ತುಂಬಿದ ದಿನ ಹೇಮಾವತಿ ಅವನಿಗೆ ಎರಡು ಕಾರ್ಬನ್ ಚಕ್ರ ಕೊಡಿಸಿದಳು. ಒಂಬತ್ತನೇ ದಿನ ಅವನು ನಾಲೆಯ ತೂಬಿನ ಕಲ್ಲಿನ ಮೇಲೆ ಬಿದ್ದು ಸತ್ತ.

"ಡಾಕ್ಟ್ರು ಅಂದ್ರು, ಬಿದ್ದ ಮೇಲೆ ಅರ್ಧ ಗಂಟೆ ಜೀವ ಇತ್ತಂತೆ. ಒಬ್ರೂ ನೋಡ್ಲಿಲ್ಲ," ಎಂದಳು. "ಹೊಸ ಚಕ್ರದ ಸದ್ದೇ ಬ್ಯಾರೆ ಅಮ್ಮಾ. ತುಳಿಯೋದು ನಿಲ್ಸಿದ್ರೆ ಟರ್ರ್ ಅಂತ ಜೀರುಂಡೆ ಕೂಗಿದಂಗೆ. ತಿರುವಿನಾಗೆ ಆ ಸದ್ದು ಕೇಳಿದ ಕೂಡ್ಲೆ ಎದ್ದು ಚಾಕ್ಕೆ ಇಡ್ತಿದ್ದೆ. ಅವ್ರು ಹೋಗಿ ಇಪ್ಪತ್ತೊಂದು ದಿನ ಆತು. ಸದ್ದು ಈಗ್ಲೂ ದಿನಾ ಬೆಳಗಿನ ಜಾವ ನಾಲೆ ಕಡೆಯಿಂದ ಬರ್ತೈತೆ. ಸೈಕಲ್ ನೋಡಿದ್ರೆ ಮನೆ ಉಗ್ರಾಣದಾಗೆ ಬೀಗದ ಒಳಗೈತೆ."

ಪಾಲಣ್ಣ ಲೋಟ ಕೆಳಗಿಟ್ಟ.

"ನಿಂಗೆ ಬೇಕಾಗಿರೋದು ಏನು?" ಶಿವಗಂಗಮ್ಮ ಕೇಳಿದಳು.

ಹೇಮಾವತಿ ಸೆರಗಿನ ತುದಿ ಬಿಗಿಹಿಡಿದಳು. "ನಾ ಕೊಟ್ಟ ಚಕ್ರಾನೇ ಅವ್ರನ್ನ ತಿಂತು ಅಂತಾರೆ ಎಲ್ರೂ. ಕಾಗದದಂಗೆ ಹಗುರ, ಜಲ್ಲಿ ಮ್ಯಾಲೆ ಜಾರ್ತು ಅಂತ. ಭಾವನೋರು ಬರೋ ಅಮಾಸೆಗೆ ಸೈಕಲ್ಲನ್ನ ಹೊಳೆಗೆ ಹಾಕ್ತಾರಂತೆ. ಅಷ್ಟ್ರಾಗೆ ನಂಗೆ ಗೊತ್ತಾಗಬೇಕು. ನಾನೇ ಕೊಂದ್ನಾ?"

ಫೋನಿನಲ್ಲಿದ್ದ ಒಂದು ಫೋಟೋ ತೋರಿಸಿದಳು. ಹೊಸ ಚಕ್ರಗಳ ಪೂಜೆಯ ದಿನ ತೆಗೆದದ್ದು. ಅಗಲವಾದ ಕಪ್ಪು ಪಟ್ಟಿಗಳ ಮೇಲೆ ವಿಭೂತಿ, ಚಕ್ರದಡಿ ನಿಂಬೆಹಣ್ಣು. ಮಠದಿಂದ ತಂದ ಕರಿದಾರವನ್ನು ಹೇಮಾವತಿ ಹಿಂದಿನ ಚಕ್ರದ ನಡುವೆ ಕಟ್ಟುತ್ತಿದ್ದಾಳೆ. ಪಕ್ಕದಲ್ಲಿ ತನ್ನ ಸೈಕಲ್ಲಿಗೆ ಒರಗಿ ನಗುತ್ತಿದ್ದವನು ತ್ಯಾವಣಿಗೆಯ ವಾಗೀಶ, ಮಹಾಂತೇಶನ ಗೆಳೆಯ.

"ದಿನಾ ಜತೆಗೇ ತುಳಿಯೋರು. ಅವತ್ತೊಂದಿನ ವಾಗೀಶ ನ್ಯಾಮತಿಗೆ ಅಕ್ಕನ ಮನೆಗೆ ಹೋಗಿದ್ದ. ಆಮೇಲೆ ಬೇಜಾರಾಗಿ ಸೈಕಲ್ಲೇ ಮಾರಿಬಿಟ್ಟ ಪಾಪ," ಎಂದಳು.

ಶಿವಗಂಗಮ್ಮ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದಳು. "ಇದನ್ನ ಪಾಲಣ್ಣನ ಫೋನಿಗೆ ಕಳ್ಸು," ಎಂದಷ್ಟೇ ಹೇಳಿದಳು.

ಮರುದಿನ ಮೊದಲು ಹೋದದ್ದು ಚನ್ನಗಿರಿಗೆ, ಆ ಚಕ್ರಗಳನ್ನು ಜೋಡಿಸಿದ ಶರಣುವಿನ ಅಂಗಡಿಗೆ. ತನ್ನ ಕಾಲದಲ್ಲಿಲ್ಲದ ಸಾಮಾನು ಕಂಡರೆ ಶಿವಗಂಗಮ್ಮನಿಗೆ ಹಬ್ಬ. ಎಲ್ಲವನ್ನೂ ಮುಟ್ಟಿ, ತಿರುಗಿಸಿ, ಮೂಸಿ ನೋಡಿದಳು.

"ಇದ್ರಾಗೆ ಟ್ಯೂಬೇ ಇರಲ್ಲಮ್ಮ," ಎಂದ ಶರಣು. "ಟಯರಿನೊಳಗೆ ಹಾಲಿನಂಥದ್ದು ಹಾಕ್ತೀವಿ. ಕಲ್ಲು ಕೊಯ್ದ್ರೆ ಅದು ಚಿಮ್ಮಿ, ಅಲ್ಲೇ ಗಟ್ಟಿಯಾಗಿ ತೂತು ಮುಚ್ಕೊಂತೈತೆ. ಚಕ್ರ ಬಿಚ್ಚಾಕೆ ಒಂದೇ ಕೀಲಿ, ಐದು ನಿಮಿಷ ಸಾಕು."

"ಹಳೇ ಚಕ್ರ ಏನಾದ್ವು?"

"ಮಹಾಂತೇಶಣ್ಣನೇ ಒಯ್ದ್ರು. ಯಾರಿಗೋ ಕೊಡ್ತೀನಿ ಅಂತಿದ್ರು."

ನಲ್ಲೂರಿನಲ್ಲಿ ಮಹಾಂತೇಶನ ಅಣ್ಣ ಮಲ್ಲಿಕಾರ್ಜುನಪ್ಪ ಮುಖ ಗಂಟಿಕ್ಕಿಕೊಂಡೇ ಉಗ್ರಾಣದ ಬೀಗ ತೆಗೆದ. ಬಿದ್ದ ಜಾಗದಿಂದ ಸೈಕಲ್ಲು ತಂದವನು ಅವನೇ. "ನನ್ ತಮ್ಮನ್ನ ತಿಂದದ್ದು. ಮುಟ್ಟಬ್ಯಾಡ್ರಿ," ಎಂದ. ಶಿವಗಂಗಮ್ಮ ಟಾರ್ಪಾಲು ಸರಿಸಿ ಹಿಂದಿನ ಚಕ್ರವನ್ನು ತಿರುಗಿಸಿದಳು. ಅದು ಉಸಿರೂ ಬಿಡದೆ ತಿರುಗಿತು. ನಡುವೆ ಕರಿದಾರ ಇತ್ತು. ಗಾಳಿ ತುಂಬುವ ಮೂತಿಯ ಪಕ್ಕ ಕೆಂಪು ಚುಕ್ಕಿಯೊಂದಿತ್ತು.

"ಪೂಜೆ ಕುಂಕುಮ," ಎಂದು ಪಾಲಣ್ಣ ಕೈ ಮುಗಿದ.

ಶಿವಗಂಗಮ್ಮ ಉಗುರಿನಿಂದ ಕೆರೆದರೂ ಅದು ಹೋಗಲಿಲ್ಲ. ಆಮೇಲೆ ಚಕ್ರ ಬಿಚ್ಚಿ, ಸಂತೆಯಲ್ಲಿ ತೆಂಗಿನಕಾಯಿ ಪರೀಕ್ಷಿಸುವವರಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಹೇಮಾವತಿ ಬಾಗಿಲ ಆಚೆಯೇ ನಿಂತಿದ್ದಳು. ಅವಳು ಆ ಸೈಕಲ್ಲಿನ ಕಡೆ ಇವತ್ತಿಗೂ ಕಣ್ಣೆತ್ತಿ ನೋಡಿರಲಿಲ್ಲ.

"ನಿನ್ ಗಂಡ ನಿನ್ ನೈಲ್ ಪಾಲಿಶ್ ಯಾವತ್ತಾರ ತಗೊಂಡಿದ್ನೇನು?"

ಹೇಮಾವತಿಗೆ ಅಳುವಿನ ನಡುವೆಯೇ ನಗು ಬಂತು. "ಹಳೇ ಚಕ್ರಕ್ಕೆ ಗುರುತು ಹಾಕಾಕೆ. ಒಂದು ಬಾಟ್ಲಿ ಹಾಳು ಮಾಡಿದ್ರು."

ಆ ಉತ್ತರ ಕೇಳಿ ಶಿವಗಂಗಮ್ಮನ ಮುಖ ಯಾಕೆ ಕಪ್ಪಿಟ್ಟಿತೆಂದು ಪಾಲಣ್ಣನಿಗೆ ತಿಳಿಯಲಿಲ್ಲ.

ಅವತ್ತು ಅವರು ನಲ್ಲೂರಿನಲ್ಲೇ ಉಳಿದರು. ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ನಾಲೆ ಏರಿಯ ಮೇಲಿದ್ದರು. ನಾಲೆಗೆ ನೀರು ನಿಲ್ಲಿಸಿ ತಿಂಗಳಾಗಿತ್ತು. ತಳದ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ತೂಬು ಇನ್ನೂ ಇನ್ನೂರು ಹೆಜ್ಜೆ ದೂರ. ಆಗ ಕೇಳಿಸಿತು.

ಟರ್ರ್...

ಸದ್ದು ಜಾಲಿ ಗಿಡಗಳ ಆಚೆಯಿಂದ ಬಂದು ತೂಬಿನ ಹತ್ತಿರ ನಿಂತಿತು. ಹಕ್ಕಿಯೂ ಕೂಗಲಿಲ್ಲ. ಪಂಚಾಕ್ಷರಿ ಹೇಳಲು ಬಾಯಿ ತೆರೆದರೆ ಪಾಲಣ್ಣನಿಗೆ ಐದು ಅಕ್ಷರದಲ್ಲಿ ಮೂರು ಮರೆತುಹೋಗಿದ್ದವು. ಓಡೋಣವೆಂದರೆ ಶಿವಗಂಗಮ್ಮ ಮಣಿಕಟ್ಟು ಹಿಡಿದಿದ್ದಳು. ಸ್ವಲ್ಪ ಹೊತ್ತಿಗೆ ಸದ್ದು ಬಂದ ದಾರಿಯಲ್ಲೇ ದೂರವಾಯಿತು.

ಹತ್ತಿರ ಹೋದಾಗ ಯಾರೂ ಇರಲಿಲ್ಲ. ತೂಬಿನ ಕಲ್ಲಿನ ಬದಿಗೆ ಹಾಲು ಚೆಲ್ಲಿ ಒಣಗಿದಂಥ ಬಿಳಿ ಕಲೆಗಳಿದ್ದವು. ಶಿವಗಂಗಮ್ಮ ಕಿತ್ತಾಗ ರಬ್ಬರಿನಂತೆ ಎಳೆದುಕೊಂಡು ಬಂದವು. ಕಲ್ಲಿನ ಮೇಲೆ ಅಂಗೈಯಷ್ಟು ಜಾಗ ಒದ್ದೆಯಾಗಿತ್ತು. ಆಗಷ್ಟೇ ಯಾರೋ ನೀರು ಹನಿಸಿದಂತಿತ್ತು.

"ಒಣ ನಾಲೆಯಾಗೆ ನೀರು ಎಲ್ಲಿಂದ ಬಂತಕ್ಕ?" ಪಾಲಣ್ಣ ಕೇಳಿದ.

"ಬಾಟ್ಲಿಯಿಂದ," ಎಂದಳು. "ದೆವ್ವಕ್ಕೆ ಬಾಟ್ಲಿ ಬೇಕಾಗಲ್ಲ ಪಾಲಣ್ಣ. ಠಾಣೆಗೆ ಫೋನ್ ಹಚ್ಚು."

ಮಾರನೆಯ ದಿನ ಮಧ್ಯಾಹ್ನ ಹೇಮಾವತಿಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಮಲ್ಲಿಕಾರ್ಜುನಪ್ಪ ಕುರ್ಚಿಯಲ್ಲಿ, ಶರಣು ಕಂಬದ ಹತ್ತಿರ, ಮೋಟಾರ್ ಬೈಕಿನಲ್ಲಿ ಬಂದ ವಾಗೀಶ ಚಾಪೆಯ ಮೇಲೆ. ಬಾಗಿಲಲ್ಲಿ ಹೆಡ್ ಕಾನ್‌ಸ್ಟೇಬಲ್ ದುರ್ಗಾಂಬಿಕಾ ನಿಂತಿದ್ದಳು.

"ಉಗ್ರಾಣದಾಗೆ ಇರೋ ಚಕ್ರ ಹೇಮಾ ಕೊಟ್ಟಿದ್ದಲ್ಲ," ಎಂದು ಶಿವಗಂಗಮ್ಮ ಶುರುಮಾಡಿದಳು. "ಹೊಸದು ಟರ್ರ್ ಅಂತೈತೆ, ಇದು ಮೂಕ. ಹೊಸದ್ರಾಗೆ ಹಾಲಿನಂಥದ್ದು ಇರ್ಬೇಕು, ಇದು ಅಲ್ಲಾಡಿಸಿದ್ರೆ ಒಣಾ. ಇದ್ರ ಮ್ಯಾಲೆ ನೈಲ್ ಪಾಲಿಶಿನ ಚುಕ್ಕಿ ಐತೆ. ಅಂದ್ರೆ ಹಳೇ ಚಕ್ರ."

"ಹಂಗಾದ್ರೆ ತಮ್ಮ ಹಳೇದ್ರಾಗೇ ಬಿದ್ನಾ?" ಮಲ್ಲಿಕಾರ್ಜುನಪ್ಪ ಕೇಳಿದ.

"ಇಲ್ಲ. ತೂಬಿನ ಕಲ್ಲಿಗೆ ಆ ಹಾಲು ಚಿಮ್ಮೈತೆ. ಬೀಳುವಾಗ ಹೊಸ ಚಕ್ರಾನೇ ಇತ್ತು. ಬಿದ್ದ ಮ್ಯಾಲೆ, ನೀವು ಹೋಗೋದ್ರೊಳಗೆ, ಯಾರೋ ಬದಲಾಯಿಸ್ಯಾರೆ. ಶರಣು ಮಾಡಿದ್ರೆ ಕಲೆ ಒರೆಸಿರ್ತಿದ್ದ, ಆ ಹಾಲಿನ ಗುಣ ಅವ್ನಿಗೆ ಗೊತ್ತು. ನೀವಂತೂ ಚಕ್ರ ಬಿಚ್ಚೋರಲ್ಲ."

ಪಾಲಣ್ಣ ಫೋನು ತೆರೆದು ಹಿಡಿದ. ಶಿವಗಂಗಮ್ಮ ಫೋಟೋದ ಮೂಲೆಯನ್ನು ಹಿಗ್ಗಿಸಿದಳು. ವಾಗೀಶ ಒರಗಿ ನಿಂತಿದ್ದ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಸಣ್ಣ ಕೆಂಪು ಚುಕ್ಕಿ ಕಾಣಿಸಿತು.

"ಮಹಾಂತೇಶ ಹಳೇ ಚಕ್ರ ನಿಂಗೇ ಕೊಟ್ಟಿದ್ದ ವಾಗೀಶ. ಪೂಜೆ ದಿನ ಅವು ನಿನ್ ಗಾಡಿಯಾಗಿದ್ವು. ಅವ್ನು ಸತ್ತ ದಿನ ಅವ್ನ ಗಾಡಿಗೆ ಹೆಂಗೆ ಬಂದ್ವು?"

ವಾಗೀಶ ಫೋನಿನಿಂದ ಮುಖ ತಿರುಗಿಸಿದ. "ನಾನು ನ್ಯಾಮತಿಯಾಗೆ..."

"ನಿಮ್ಮ ಅಕ್ಕನ್ನ ಕೇಳೀವಿ," ಎಂದಳು ದುರ್ಗಾಂಬಿಕಾ. "ನೀವು ಹೋಗಿದ್ದು ಮಧ್ಯಾಹ್ನ. ಇವತ್ತು ನೀವು ಇಲ್ಲಿಗೆ ಹೊರಟ ಮ್ಯಾಲೆ, ಮಾರಿದೆ ಅಂದಿದ್ದ ಸೈಕಲ್ಲೂ ನಿಮ್ಮ ಅಟ್ಟದಾಗೆ ಸಿಕ್ಕೈತೆ. ಮುಂದಿನ ಟಯರಿನಾಗೆ ಹಾಲು ಹೆಪ್ಪುಗಟ್ಟಿ ಮುಚ್ಚಿದ ಕೊಯ್ತ ಐತೆ."

"ಇನ್ನೊಂದೈತೆ," ಎಂದಳು ಶಿವಗಂಗಮ್ಮ, ಈಗ ಮೆತ್ತಗೆ. "ಕರಿದಾರ. ಹೇಮಾ ಅದನ್ನ ಕಟ್ಟಿದ್ದು ಹೊಸ ಚಕ್ರಕ್ಕೆ. ಸಿಕ್ಕಿದ್ದು ಹಳೇದ್ರಾಗೆ. ಚಕ್ರ ಕದ್ದೋನು ದಾರ ಮಾತ್ರ ಬಿಚ್ಚಿ, ಅಲ್ಲೇ ಕೂತು, ತಿರುಗಿ ಕಟ್ಯಾನೆ. ಮಠದ ದಾರ ಕದಿಯಾಕೆ ಕೈ ಬರ್ಲಿಲ್ಲ, ಅಲ್ವೇನಪ್ಪ?"

ವಾಗೀಶ ಚಾಪೆಯ ಅಂಚು ಹಿಡಿದು ಬಗ್ಗಿದ.

"ಒಂದ್ಸಲ ತುಳೀತೀನಿ ಕೊಡು ಅಂದೆ ಅತ್ತಿಗೆ. 'ಹೇಮಾ ಕೊಟ್ಟಿದ್ದು, ಮೊದ್ಲ ತಿಂಗಳು ನಾನೇ ತುಳಿಯೋದು' ಅಂತ ನಕ್ಕ. ಆ ನಗೂಗೆ ಸಿಟ್ಟು ಬಂತು. ಅಡ್ಡ ಹಾಕ್ದೆ. ಹ್ಯಾಂಡ್ಲು ಸಿಕ್ಕೊಂಡು ತೂಬಿಗೆ ಬಿದ್ದ. ಹೋದ ಅನ್ಕೊಂಡೆ. ಹೆಂಗೂ ಹೋದ, ಚಕ್ರ ಯಾರಿಗೆ ಅಂತ ಬದಲಾಯಿಸ್ದೆ... ದಾರ ಕಟ್ಟುವಾಗ ನೀರು ಕೇಳಿದ."

"ಕೊಟ್ಯಾ?" ಹೇಮಾವತಿ ಕೇಳಿದಳು.

"ಇಲ್ಲ. ಹೆದರಿ ಓಡಿಹೋದೆ. ಅವತ್ತಿಂದ ದಿನಾ ಆ ಕಲ್ಲಿಗೆ ನೀರು ಒಯ್ದು ಹಾಕ್ತೀನಿ ಅತ್ತಿಗೆ. ಆ ಗಾಡಿಯಾಗೇ ಹೋಗ್ತೀನಿ. ಬ್ಯಾಡ ಅಂದ್ರೂ ಕಾಲು ಒಯ್ತಾವೆ."

ದುರ್ಗಾಂಬಿಕಾ ಅವನ ತೋಳು ಹಿಡಿದು ಎಬ್ಬಿಸಿದಳು. ಮಲ್ಲಿಕಾರ್ಜುನಪ್ಪ ತಮ್ಮನ ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಂತ. "ನಿಂಗೆ ಬಾಯಿಗೆ ಬಂದಂಗೆ ಅಂದೆ ತಾಯಿ. ತಪ್ಪಾತು," ಎಂದ. ಅವಳಿಗೆ ಅದು ಕೇಳಿಸಿತೋ ಇಲ್ಲವೋ. ಶಿವಗಂಗಮ್ಮ ಪಕ್ಕದಲ್ಲಿ ಕುಳಿತು ಅವಳ ಕೈ ತನ್ನ ಕೈಯೊಳಗೆ ತೆಗೆದುಕೊಂಡಳು.

"ನಿನ್ ಚಕ್ರ ಜಾರ್ಲಿಲ್ಲ ಮಗಳೆ. ಮುರೀಲಿಲ್ಲ. ಕೊಯ್ತ ಬಿದ್ರೂ ಗಾಳಿ ಹಿಡ್ಕೊಂಡಿತ್ತು. ನೀನು ಕೊಲ್ಲಲಿಲ್ಲ."

ಹೇಮಾವತಿ ತಲೆಯಾಡಿಸಿದಳು. ಇಪ್ಪತ್ತನಾಲ್ಕು ದಿನಗಳ ಮೇಲೆ ಮೊದಲ ಸಲ ಅವಳ ಭುಜ ಸಡಿಲವಾದದ್ದನ್ನು ಪಾಲಣ್ಣ ಕಂಡ. ಅವನಿಗೆ ದೆವ್ವವೇ ಆಗಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು.

ಅಷ್ಟರಲ್ಲಿ ಗುರುತು ಹಿಡಿಸಲೆಂದು ತಂದಿದ್ದ ಸೈಕಲ್ಲನ್ನು ಕಾನ್‌ಸ್ಟೇಬಲ್ ಒಬ್ಬ ಜೀಪಿನಿಂದ ಇಳಿಸಿ ಅಂಗಳದೊಳಗೆ ತಳ್ಳಿಕೊಂಡು ಬಂದ.

ಟರ್ರ್...

ಹೇಮಾವತಿ ಕೈ ಬಿಡಿಸಿಕೊಂಡು ತಟ್ಟನೆ ಎದ್ದಳು. ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ನಡೆದಳು. ಒಳಗೆ ಪಾತ್ರೆಗೆ ನೀರು ಬಿದ್ದ ಸದ್ದು, ಕಡ್ಡಿ ಗೀರಿದ ಸದ್ದು. ಆಮೇಲೆ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ. ಪಾಲಣ್ಣ ಮೆಲ್ಲಗೆ ಹೋಗಿ ನೋಡಿದ. ನೀರು ಕುದಿಯುತ್ತಿತ್ತು. ಎರಡು ಲೋಟ ಮುಂದಿಟ್ಟುಕೊಂಡು ಅವಳು ನೆಲದ ಮೇಲೆ ಕುಳಿತಿದ್ದಳು.