ಅಜ್ಜನ ನಾಡಿ ನಲವತ್ತಾರು

"ಅಜ್ಜಾ, ಕೈ ಅಲಗ್ಯಾಡಿಸಬ್ಯಾಡ! ಮತ್ತ ಲೆಕ್ಕ ತಪ್ಪತೈತಿ."

ನೀಲಮ ಮೂರನೇ ಸಲ ಅಜ್ಜನ ಮಣಿಕಟ್ಟು ಹಿಡಿದು, ಗೋಡೆ ಗಡಿಯಾರ ನೋಡುತ್ತ ಎಣಿಸಿದಳು. ಒಂದು ನಿಮಿಷಕ್ಕೆ ನಲವತ್ತಾರು. ಮೊದಲೆರಡು ಸಲವೂ ಅಷ್ಟೇ ಬಂದಿತ್ತು.

ಶುಭಾಂಗಿ ಅಕ್ಕೋರು ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯವರೆಲ್ಲರ ನಾಡಿ ಎಣಿಸಿ ಬರೆದುಕೊಂಡು ಬರಬೇಕು. ದೊಡ್ಡವರದು ಸುಮಾರು ಎಪ್ಪತ್ತೆರಡು ಇರುತ್ತದೆ ಎಂದು ಬೋರ್ಡಿನ ಮೇಲೂ ಬರೆದಿದ್ದರು. ಅವ್ವನದು ಎಪ್ಪತ್ನಾಲ್ಕು, ಅಜ್ಜಿ, ಅಂದರೆ ಆಯಿ ಸುಂದ್ರವ್ವನದು ಎಪ್ಪತ್ತೆಂಟು. ಅಜ್ಜ ಮಾಯಪ್ಪನದು ಮಾತ್ರ ಹೀಗೆ.

"ಪಾಸೋ, ನಾಪಾಸೋ?" ಅಜ್ಜ ನಗುತ್ತ ಕೇಳಿದ.

"ಪಾಸ್" ಎಂದು ನೀಲಮ ಸುಳ್ಳು ಹೇಳಿದಳು.

ಅವಳು ಮತ್ತೆ ಗೋಡೆ ಗಡಿಯಾರ ನೋಡಿದಳು. ಸೆಲ್ ಮುಗಿಯುತ್ತ ಬಂದರೆ ಗಡಿಯಾರ ನಿಧಾನವಾಗುತ್ತದೆ, ಆಮೇಲೆ ನಿಂತೇ ಬಿಡುತ್ತದೆ. ಹೋದ ತಿಂಗಳು ಓಣಿಯ ಪಾರಿಸ ಅಜ್ಜನಿಗೆ ಹಾರ್ಟ್ ಅಟ್ಯಾಕ್ ಆಗಿ ಚಿಕ್ಕೋಡಿಗೆ ಒಯ್ದಿದ್ದರು. ಭಾರ ಎತ್ತಲೇಬಾರದು ಎಂದು ಡಾಕ್ಟರ್ ಅವರಿಗೆ ಹೇಳಿ ಕಳಿಸಿದ್ದರು.

ಇಲ್ಲಿ ನೋಡಿದರೆ, ಅವಳ ಅಜ್ಜ ಬೆಳಗಾದರೆ ಸಾಮು ತೆಗೆಯಲು ತಾಲೀಮಿಗೆ ಹೊರಡುವ ಮನುಷ್ಯ. ತಾಲೀಮೆಂದರೆ ಊರಿನ ಗರಡಿ ಮನೆ, ನೆಲದ ತುಂಬ ಕೆಂಪು ಮಣ್ಣು. ಅಲ್ಲಿ ಕೂತು ಏಳುವ ಬೈಠಕ್ ಇನ್ನೂರು ಹೊಡೆದು, ಹೆಗಲ ಸುತ್ತ ಗದೆ ತಿರುಗಿಸಿ, ಹುಡುಗರಿಗೆ ಕುಸ್ತಿ ಪಟ್ಟು ಕಲಿಸಿ ಬಂದರೇ ಅವನಿಗೆ ಚಹಾ ರುಚಿಸುವುದು. ಊರಿಗೆ ಊರೇ 'ವಸ್ತಾದ', ಅಂದರೆ ಕುಸ್ತಿಯ ಗುರು, ಎಂದು ಕರೆಯುವ ಇಂಥವನು ಐದನೇ ಕ್ಲಾಸಿನ ಹುಡುಗಿಯ ಮಾತಿಗೆ ನಿಲ್ಲುತ್ತಾನೆಯೇ?

ಆಗ ಅಂಗಳದ ಹಗ್ಗದ ಮೇಲೆ ಒಣಗಿದ್ದ ಅಜ್ಜನ ಎರಡೂ ಲಂಗೋಟಿಗಳು ಅವಳ ಕಣ್ಣಿಗೆ ಬಿದ್ದವು. ಲಂಗೋಟಿ ಕಟ್ಟದೆ ಕೆಂಪು ಮಣ್ಣಿಗೆ ಕಾಲಿಡಬಾರದು. ಇದು ತಾಲೀಮಿನ ನಿಯಮ, ಅದನ್ನು ಎಲ್ಲರಿಗೂ ಕಲಿಸಿದವನು ಅಜ್ಜನೇ. ಸಂಜೆಯೊಳಗೆ ಎರಡೂ ಜೋಳದ ಡಬ್ಬಿಯ ತಳ ಸೇರಿದವು.

ಬೆಳಿಗ್ಗೆ ಮನೆಯೆಲ್ಲ ಹುಡುಕಾಟ.

"ಬಂಗಾರ ಬಿಟ್ಟ ಲಂಗೋಟಿ ಕದಿಯೂ ಕಳ್ಳ ಯಾಂವ ಬಂದಿದ್ದಾನು?" ಎಂದು ಆಯಿ ಹಾಸಿಗೆ ಕೊಡವಿದಳು.

ಅಜ್ಜ ಯಾರನ್ನೂ ಬೈಯಲಿಲ್ಲ. ಕಟ್ಟೆಯ ಮೇಲೆ ಮೊಣಕಾಲಿಗೆ ಕೈ ಊರಿ ಕೂತುಬಿಟ್ಟ. ತಾಲೀಮಿನ ಕಡೆಯಿಂದ ಹುಡುಗರ ಕೂಗು ಕೇಳುತ್ತಿತ್ತು. ಅವನು ಅತ್ತಲೇ ನೋಡುತ್ತಿದ್ದ. ಅವನ ಆ ಮುಖ ನೋಡಿ ನೀಲಮ ಚಹಾದ ಕಪ್ಪು ಕೆಳಗಿಟ್ಟಳು.

"ನಾನ ಮುಚ್ಚಿಟ್ಟೇನಿ!" ಅವಳಿಗೆ ಅಳುವೇ ಬಂತು. "ನಿನ್ನ ಹಾರ್ಟ್ ಭಾಳ ಸಾವಕಾಶ ಬಡ್ಯಾಕತ್ತೈತಿ. ಬರೇ ನಲವತ್ತಾರ! ನೀ ಸಾಮು ತೆಗದ್ರ ಅದು ನಿಂತ ಬಿಡತೈತಿ, ಅಜ್ಜಾ!"

ಆಯಿ ನಗಲು ಬಾಯಿ ತೆರೆದಳು. ಅಜ್ಜ ಕೈಯೆತ್ತಿ ತಡೆದ. ಟವೆಲಿನ ಅಂಚಿನಿಂದ ಮೊಮ್ಮಗಳ ಕಣ್ಣು ಒರೆಸಿದ.

"ನಿನ್ನಿಯಿಂದ ಒಬ್ಬಾಕೀನ ಇದನ್ನ ಹೊತ್ಕೊಂಡ ಅಡ್ಡಾಡಾಕತ್ತೀಯೇನ? ನಡಿ, ಡಾಕ್ಟರ್‌ನ ಕೇಳೂಣು."

ಡಾಕ್ಟರ್ ಇದ್ದ ಮುಗಳಖೋಡ ಮೂರು ಕಿಲೋಮೀಟರ್. ಅಜ್ಜ ಬಸ್ಸಿಗೆ ಕಾಯದೆ ನಡೆದೇ ಹೊರಟ. ನೀಲಮ ನಾಲ್ಕು ಕಡೆ ನಿಂತು ಏದುಸಿರು ಬಿಟ್ಟಳು. ಅಜ್ಜ ನಾಲ್ಕೂ ಸಲ ನೆರಳಲ್ಲಿ ನಿಂತು ಅವಳಿಗಾಗಿ ಕಾದ.

ಡಾಕ್ಟರ್ ವಿಶ್ವಾಸ ಅವರು ಅಜ್ಜನ ಎದೆಗೆ ವೈರು ಹಚ್ಚಿ ಈಸಿಜಿ ತೆಗೆದರು.

"ತಲಿ ತಿರಗತೈತೇನ್ರಿ? ಕಣ್ಣಿಗೆ ಕತ್ತಲಿ ಬರತೈತೇನ್ರಿ?"

"ಇಲ್ರಿ."

ಡಾಕ್ಟರ್ ಉದ್ದನೆಯ ಕಾಗದವನ್ನು ಎರಡು ಸಲ ನೋಡಿದರು. ಆಮೇಲೆ ನೀಲಮಳ ಕಡೆ ತಿರುಗಿದರು.

"ನೀ ಕೇಳಾಕ ಬಂದದ್ದು ಚಲೋ ಆತು. ಬ್ಯಾರೇದವರಿಗೆ ಇಷ್ಟ ಕಡಿಮಿ ಬಂದಿದ್ರ ನಾನೂ ಚಿಂತಿ ಮಾಡತಿದ್ದೆ. ಆದ್ರ ನಿಮ್ಮ ಅಜ್ಜನ ಹಾರ್ಟ್ ದಣದಿಲ್ಲವ್ವಾ. ದಿನಾ ಸಾಮು ತೆಗದು ತೆಗದು ಗಟ್ಟಿ ಆಗೇತಿ. ಒಂದೊಂದ ಸಲಾನೂ ಭಾಳ ರಕ್ತ ನೂಕತೈತಿ. ಹೇಳ ನೋಡೂಣು, ಚರಿಗೀಲೆ ನೀರ ತುಂಬಾವ್ರು ಎಷ್ಟ ಸಲ ಓಡ್ಯಾಡಬೇಕ, ಕೊಡದಲೆ ತುಂಬಾವ್ರು ಎಷ್ಟ ಸಲ?"

"ಕೊಡ ಆದ್ರ ಕಡಿಮಿ ಸಲ ಸಾಕ್ರಿ" ಎಂದಳು ನೀಲಮ. ಹೇಳುತ್ತಿದ್ದಂತೆ ಅವಳಿಗೆ ತಿಳಿಯಿತು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಗೇ ಇಳಿಯಿತು.

"ಯಾವಾಗಿಂದ ಸಾಮು ತೆಗೀತೀರ್ರಿ, ವಸ್ತಾದರ?" ಡಾಕ್ಟರ್ ಕಾಗದ ಮಡಚುತ್ತ ಕೇಳಿದರು.

"ಹನ್ನೊಂದನೇ ವರ್ಸಕ್ಕ ಚಾಲೂ ಮಾಡೀನ್ರಿ. ಈಗ ಎಪ್ಪತ್ತೊಂದ."

"ಅರವತ್ತ ವರ್ಷ! ನಡುವ ಎಷ್ಟ ಸಲ ಬಿಟ್ಟಿದ್ರಿ?"

ಅಜ್ಜ ಯೋಚಿಸಿದ. "ಜಡ್ಡ ಬಿದ್ದಾಗ ನಾಕೈದ ಸಲ ಬಿಟ್ಟೀನ್ರಿ. ಮೈಯಾಗ ಆರಾಮ ಇದ್ದು ಬಿಟ್ಟಿದ್ದು ಇವತ್ತೊಂದ ದಿನ."

ನೀಲಮ ತನ್ನ ಚಪ್ಪಲಿ ನೋಡುತ್ತ ನಿಂತಳು. ಹೊಸ ವರ್ಷಕ್ಕೆಂದು ಅವಳು ಹುರುಪಿನಿಂದ ಶುರು ಮಾಡಿದ್ದ ಡೈರಿ ಆರನೇ ದಿನಕ್ಕೇ ನಿಂತುಹೋಗಿತ್ತು. ಇವನು ಅರವತ್ತು ವರ್ಷ ಬಿಡದೆ ಎದ್ದಿದ್ದಾನೆ. ಅಂಥದ್ದನ್ನು ತಾನು ಒಂದು ಡಬ್ಬಿಯಲ್ಲಿ ಮುಚ್ಚಿಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ನಂದ ತಪ್ಪಾತು ಅಜ್ಜಾ" ಎಂದಳು, ಮರಳಿ ಬರುವ ದಾರಿಯಲ್ಲಿ. "ನನ್ನ ಸಲುವಾಗಿ ನಿಂದು ಒಂದ ದಿನಾ ಹೋತು."

ಅಜ್ಜ ಸೂರ್ಯನನ್ನು ನೋಡಿದ. "ದಿನಾ ಇನ್ನಾ ಎಲ್ಲಿ ಮುಗದೈತಿ?"

ರಸ್ತೆ ಬದಿಯ ಬೇವಿನ ಟೊಂಗೆಗೆ ಟವೆಲ್ ಹಾಕಿ, ಧೋತರ ಎತ್ತಿ ಕಟ್ಟಿದ. "ಇಲ್ಲಿ ಕೆಂಪ ಮಣ್ಣಿಲ್ಲ. ಲಂಗೋಟಿ ಇಲ್ದಿದ್ರೂ ನಡೀತೈತಿ" ಎಂದು ಬೈಠಕ್ ಶುರು ಮಾಡಿಯೇ ಬಿಟ್ಟ. ಕಬ್ಬಿನ ಟ್ರ್ಯಾಕ್ಟರಿನವನು "ನಮಸ್ಕಾರ್ರಿ ವಸ್ತಾದರ!" ಎಂದು ಕೂಗಿ ಹೋದ.

ನೀಲಮಳೂ ಪಕ್ಕದಲ್ಲಿ ನಿಂತು ಕೂತು ಎದ್ದಳು. ಇಪ್ಪತ್ಮೂರಕ್ಕೆ ತೊಡೆ ಗಡಗಡ ನಡುಗಿ ಹುಲ್ಲಿನ ಮೇಲೆ ಕುಸಿದಳು. ಅಜ್ಜ ಮಾತ್ರ ಇಳಿಯುತ್ತಿದ್ದ, ಏಳುತ್ತಿದ್ದ. ಅವಸರವಿಲ್ಲ. ತುಟಿಯಷ್ಟೇ ಎಣಿಸುತ್ತಿತ್ತು. ಅಜ್ಜನ ಕಸುವು ಹುಟ್ಟುತ್ತಲೇ ಬಂದದ್ದೆಂದು ಅವಳು ಇಷ್ಟು ದಿನ ತಿಳಿದಿದ್ದಳು. ಈಗ ಅದು ಒಂದಾದ ಮೇಲೆ ಒಂದು ಆಗುತ್ತಿರುವುದನ್ನು ಕಣ್ಣಾರೆ ನೋಡಿದಳು.

ಇನ್ನೂರು ಮುಗಿಯಿತು.

"ನಾಳೆ ನಾ ಎಷ್ಟ ಹೊಡೀಲಿ ಅಜ್ಜಾ? ಐವತ್ತ?"

"ಎಷ್ಟಂತ ಆಮ್ಯಾಗ ನೋಡೂಣು" ಎಂದ ಅಜ್ಜ, ಬೆವರು ಒರೆಸಿಕೊಳ್ಳುತ್ತ. "ಮೊದಲ ನಾಳೆ ಏಳ."

ನೀಲಮ ತೊಡೆ ತಿಕ್ಕಿಕೊಳ್ಳುತ್ತ ಎದ್ದು ನಿಂತಳು. ನಾಳೆ ಏಳುವುದೇನೂ ದೊಡ್ಡದಲ್ಲ ಎನಿಸಿತು. ಆದರೆ ನಾಡಿದ್ದೂ ಏಳಬೇಕು, ಅದರ ಮರುದಿನವೂ. ಅವಳು ಅಜ್ಜನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿ, ಅವನ ಜೊತೆ ಹೆಜ್ಜೆ ಹಾಕಿದಳು.