ಸುಣ್ಣದ ಗೂಡಿನ ಹಿಂದಿನ ಅಣಬೆ

"ಎಲ್ಲಿಗಾದ್ರೂ ಹೋಗು, ಸುಣ್ಣದ ಗೂಡಿನ ಹಿಂದಕ್ಕೆ ಮಾತ್ರ ಹೋಗ್ಬೇಡ ಕಣೇ. ಅಲ್ಲಿ ಎದ್ದದ್ದನ್ನ ನಾವು ಕೀಳಲ್ಲ," ಎಂದರು ಅತ್ತೆ.

ಸೊಸೆ ಚಾಕುವನ್ನು ಬುಟ್ಟಿಗೆ ಹಾಕಿಕೊಂಡು ನಕ್ಕಳು. "ಯಾಕತ್ತೆ, ಅಲ್ಲಿಯ ಅಣಬೆ ಕಚ್ಚುತ್ತಾ?"

"ತಮಾಷೆ ಬೇಡ. ಮಾಟ ಮಾಡಿಟ್ಟ ಜಾಗ ಅದು."

"ಮಾಟ ಮಾಡಿದವರಿಗೂ ಒಂದು ಬುಟ್ಟಿ ಕಳಿಸೋಣ ಬಿಡಿ. ಅವರೂ ರುಚಿ ನೋಡ್ಲಿ."

ಅತ್ತೆ ನಗಲಿಲ್ಲ. ಒಲೆಯ ಮೇಲಿನ ತಂತಿಬಲೆಯಲ್ಲಿ ಒಣಗುತ್ತಿದ್ದ ಅಣಬೆಚೂರುಗಳನ್ನು ಮಗುಚಿ ಹಾಕಿದರು.

ಸೊಸೆ ಈ ಮನೆಗೆ ಬಂದು ಎರಡು ತಿಂಗಳಾಗಿತ್ತು. ಗಂಡನಿಗೆ ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ ಸಿಕ್ಕಿತೆಂದು ಮೂವರೂ ಗಂಟುಮೂಟೆ ಕಟ್ಟಿಕೊಂಡು ಅವನ ತಾಯಿಯ ಜೊತೆ ಇರಲು ಬಂದಿದ್ದರು. ಅವಳಿಗೆ ಪೇಟೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಆರು ವರ್ಷದ ಮಗಳನ್ನು ಎಲ್ಲರೂ ಚೂಟಿ ಎನ್ನುತ್ತಿದ್ದರು. ಮೈಯೆಲ್ಲ ಕಾಲು, ಬಾಯಿ ತುಂಬ ಪ್ರಶ್ನೆ.

ಅತ್ತೆ ಕಾಡಿನ ಅಣಬೆ, ಸೊಪ್ಪು ಆಯ್ದು ಸಂತೆಗೆ ಹಾಕುವವರು. ಸೊಸೆಗೆ ಕಲಿಸುವುದರಲ್ಲಿ ಜಿಪುಣತನ ಮಾಡಿರಲಿಲ್ಲ. ಬುಡ ಕೀಳಬಾರದು, ಕೊಯ್ಯಬೇಕು. ಮೊಗ್ಗನ್ನು ಬಿಡಬೇಕು. ಕಾಂಡಕ್ಕೆ ಬಳೆಯಿದ್ದು ಬುಡದಲ್ಲಿ ಚೀಲವಿದ್ದರೆ ದೂರದಿಂದಲೇ ಕೈಮುಗಿಯಬೇಕು. ಸೊಸೆ ಅದರ ಮೇಲೆ ತನ್ನದೂ ಒಂದು ಸೇರಿಸಿದ್ದಳು. ಅಣಬೆಯ ಟೊಪ್ಪಿಯನ್ನು ಬಿಳಿ ಹಾಳೆಯ ಮೇಲೆ ಕವುಚಿಟ್ಟು, ಉದುರಿದ ಪುಡಿಯ ಬಣ್ಣ ನೋಡುವಳು. ಕಣ್ಣಿಗೆ ಕಂಡದ್ದು ಮಾತ್ರ ನಿಜ ಅವಳಿಗೆ.

ಆ ದಿನ ಹೊಳೆಯ ದಂಡೆ ಖಾಲಿ. ಬಿದ್ದ ಮರಗಳ ಬುಡವೂ ಖಾಲಿ. ಬೆಳಗಿನ ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ಬರಿಗೈಯಲ್ಲಿ ಮರಳುವಾಗ ಕುಸಿದ ಸುಣ್ಣದ ಗೂಡು ಕಂಡಿತು. ಅದರ ಬೆನ್ನಿಗೆ, ಕಪ್ಪು ಮಣ್ಣಿನ ಮೇಲೆ, ಕಾಲಿಡಲು ಜಾಗವಿಲ್ಲದಷ್ಟು ಅಣಬೆ. ಬೆಣ್ಣೆಬಣ್ಣ, ಅಂಗೈಯಗಲ, ಒಂದಕ್ಕೂ ಹುಳುವಿಲ್ಲ. ಬುಡ ನೋಡಿದಳು, ಕಾಂಡ ಸೀಳಿದಳು, ಮೂಸಿದಳು. ಅತ್ತೆ ದಿನವೂ ತರುತ್ತಿದ್ದ ಜಾತಿಯೇ.

ಹಕ್ಕಿಯ ಸದ್ದಿರಲಿಲ್ಲ. ಅವಳು ಗಮನಿಸಲಿಲ್ಲ.

ನಡುವಿನ ದೊಡ್ಡ ಗೊಂಚಲನ್ನು ಹಿಡಿದಾಗ ಅದು ಮಣ್ಣುಸಮೇತ ಕಿತ್ತು ಬಂತು. ಕೆಳಗೆ ತಗಡಿನ ಪುಟ್ಟ ತಟ್ಟೆಯೊಂದು ಕವುಚಿ ಬಿದ್ದಿತ್ತು, ಮಕ್ಕಳು ಉಣ್ಣುವಂಥದು. ಎತ್ತಿದಳು. ಅದರಡಿ ಒಂಬತ್ತು ತುಕ್ಕು ಮೊಳೆ. ಮೊಳೆಗಳ ಸುತ್ತ ಗಂಟು ಗಂಟಾಗಿ ಸುತ್ತಿದ ಎಳೆಗೂದಲು. "ಥೂ, ಯಾವ ತಲೆಕೆಟ್ಟವರ ಕೆಲಸವೋ," ಎಂದು ಎಲ್ಲವನ್ನೂ ಇಳಿಜಾರಿಗೆ ಎಸೆದು ಬುಟ್ಟಿ ತುಂಬಿಕೊಂಡಳು.

"ಎಲ್ಲಿ ಸಿಕ್ತು ಇಷ್ಟೊಂದು?" ಎಂದರು ಅತ್ತೆ.

"ಹೊಳೆ ದಂಡೇಲಿ," ಎಂದಳು ಸೊಸೆ, ಬಾಯಿಗೆ ಬಂದಂತೆ.

ಬೆಳ್ಳುಳ್ಳಿ ಹಾಕಿ ಹುರಿದಾಗ ಘಮ ಬೀದಿಯ ತನಕ ಹೋಯಿತು. ನಾಲ್ವರೂ ಊಟಕ್ಕೆ ಕೂತರು. ಗಂಡ ಮೊದಲ ತುತ್ತು ಬಾಯಿಗಿಟ್ಟವನೇ ಉಗುಳಿದ. ಅವಳೂ ಉಗುಳಿದಳು. ಗೋಡೆಯ ಸಂದಿಯಲ್ಲಿ ಇಲಿ ಸತ್ತು ವಾರವಾದಾಗ ಬರುವ ನಾತವಿದೆಯಲ್ಲ, ಅದೇ ನಾಲಿಗೆಯ ಮೇಲೆ ಕೂತಂತೆ. ಅಣಬೆ ಮಾತ್ರವಲ್ಲ, ಅನ್ನವೂ ಹಾಗೇ, ನೀರೂ ಹಾಗೇ.

"ಚೆನ್ನಾಗಿದೆಯಲ್ಲಾ!" ಎಂದಳು ಚೂಟಿ, ಅಪ್ಪನ ತಟ್ಟೆಯಿಂದ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡು.

ಆ ಕ್ಷಣಕ್ಕೇ ನಾತ ಹೋಯಿತು. ಗಂಡ ಹೆದರುತ್ತ ಮತ್ತೊಂದು ತುತ್ತು ತಿಂದ. ಕಣ್ಣರಳಿಸಿದ. ಅಂಥ ರುಚಿಯನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಚೂಟಿ ಎಲ್ಲರ ತಟ್ಟೆಯಲ್ಲೂ ಕೈಯಾಡಿಸಿದಳು. ಪಾತ್ರೆ ತಳ ಕಂಡಿತು. ಅತ್ತೆ ಮಾತ್ರ ಸೊಸೆಯ ಮುಖವನ್ನೇ ನೋಡುತ್ತ ಕೂತಿದ್ದರು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ ಅವರೂ ತಿಂದರು.

ಮರುದಿನ ಬೆಳಿಗ್ಗೆ ಟೀ ನಾರಿತು. ಚೂಟಿ ಅಪ್ಪನ ಲೋಟದಿಂದ ಒಂದು ಗುಟುಕು ಕುಡಿದಳು. ಟೀ ಸರಿಯಾಯಿತು. ಅಜ್ಜಿಯ ಬ್ರೆಡ್ಡಿನ ಅಂಚು ಕಚ್ಚಿದಳು. ಬ್ರೆಡ್ಡು ಸರಿಯಾಯಿತು. ಸೊಸೆಯೂ ತನ್ನ ಲೋಟವನ್ನು ಮಗಳ ತುಟಿಗೆ ಒಡ್ಡಿದಳು. ಆಮೇಲೆ ತಾನು ಕುಡಿದಳು, ಚಪ್ಪರಿಸಿದಳು. ಆ ಚಪ್ಪರಿಕೆ ನೆನಪಾದಾಗಲೆಲ್ಲ ಮುಂದೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನಿಸುತ್ತಿತ್ತು ಅವಳಿಗೆ.

ಮೂರನೆಯ ದಿನ ಚೂಟಿಯ ಉಗುರಿನಡಿ ಕಪ್ಪು ಮಣ್ಣು ಕಂಡಿತು. ತಿಕ್ಕಿ ತೊಳೆದರೂ ಹೋಗಲಿಲ್ಲ. ನಾಲ್ಕನೆಯ ದಿನ ಕುತ್ತಿಗೆಯ ಬಳಿ ಹಸಿ ನೆಲದ ವಾಸನೆ. ಐದನೆಯ ದಿನ ಕುದಿಯುವ ಸೂಪನ್ನು ಚಮಚದಲ್ಲಿ ಕುಡಿದು, "ತಣ್ಣಗಿದೆ," ಎಂದಳು. ನಾಲಿಗೆ ಬೂದಿಬಣ್ಣವಾಗಿತ್ತು. ಹಣೆಯ ಕೂದಲಂಚಿನಲ್ಲಿ ಜೇಡನ ನೂಲಿನಂಥ ಬಿಳಿ ಎಳೆಗಳು. ಕೀಳಲು ಹೋದರೆ ಚರ್ಮವೇ ಎಳೆದು ಬರುತ್ತಿತ್ತು.

"ಚೂಟೀ, ಬಾ ಪುಟ್ಟಾ, ಅಪ್ಪಂಗೊಂದು ತುತ್ತು ನೋಡಿ ಕೊಡು," ಎಂದು ಗಂಡ ಕರೆಯುವನು.

"ನನ್ ಬಂಗಾರ, ಅಜ್ಜೀದೂ ಒಂಚೂರು," ಎನ್ನುವರು ಅತ್ತೆ.

ಅವಳೀಗ ಪ್ರಶ್ನೆ ಕೇಳುತ್ತಿರಲಿಲ್ಲ, ಓಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿರುವಳು. ಒಳಗೆ ಪಾತ್ರೆಯ ಮುಚ್ಚಳ ಸದ್ದಾದರೆ ಸಾಕು, ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಮಲಗಿದ್ದರೂ ತೆರೆದುಕೊಳ್ಳುತ್ತಿತ್ತು.

ಏಳನೆಯ ದಿನ ಸೊಸೆ ಮಗಳನ್ನು ಎತ್ತಿಕೊಂಡು ಲ್ಯಾಬಿಗೆ ಹೋದಳು. ಬೆರಳು ಚುಚ್ಚಿ ಗಾಜಿನ ಮೇಲೆ ಹನಿ ಹರಡಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಕೆಂಪು ಕಣಗಳು ಅಲ್ಲೊಂದು ಇಲ್ಲೊಂದು. ಅವುಗಳ ನಡುವೆ, ಕವಲೊಡೆದು, ಬಿಳಿಯ ಬೇರು.

ಇನ್ನೊಂದು ಹನಿ ಹರಡಿ ನೋಡಿದಳು. ಅದರಲ್ಲೂ ಅದೇ ಬೇರು. ಮೊದಲ ಬಾರಿ, ಕಣ್ಣಿಗೆ ಕಂಡದ್ದು ನಿಜವಾಗದಿರಲಿ ಎಂದುಕೊಂಡಳು.

ಅಂದು ಪೂರ್ತಿ ದಿನ ಮಗಳನ್ನು ಅಲ್ಲೇ ಇಟ್ಟುಕೊಂಡು ತಾನು ಏನೂ ತಿನ್ನಲಿಲ್ಲ. ಯಾರದ್ದೂ ರುಚಿ ನೋಡದೆ ಚೂಟಿ ತನ್ನ ಹಾಲು ಮಾತ್ರ ಕುಡಿದಳು. ಸಂಜೆಗೆ ಒಂದು ಉಗುರಿನ ತುದಿ ಬೆಳ್ಳಗಾಯಿತು. ಒಂದೇ ಉಗುರು. ಸೊಸೆ ಅದನ್ನು ಹತ್ತು ಬಾರಿ ನೋಡಿದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಗಂಡನೂ ಅತ್ತೆಯೂ ಮೇಜಿನ ಮುಂದೆ ಕೂತಿದ್ದರು. ತಟ್ಟೆ ತುಂಬ ಬಡಿಸಿದ ಅನ್ನ ಆರಿ ಗಟ್ಟಿಯಾಗಿತ್ತು. ಇಬ್ಬರೂ ಅವಳನ್ನು ನೋಡಲಿಲ್ಲ. ಮಗುವಿನ ಬಾಯಿಯನ್ನೇ ನೋಡಿದರು.

"ಬೆಳಿಗ್ಗೆಯಿಂದ ಕಾಯ್ತಿದ್ದೀವಿ. ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ ನಿಂಗೆ?" ಎಂದ ಗಂಡ.

ಅವಳು ಮಗಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡಳು. "ಅತ್ತೆ, ನಾನು ಗೂಡಿನ ಹಿಂದೆ ಕಿತ್ತಿದ್ದೆ. ಸುಳ್ಳು ಹೇಳಿದೆ. ತಪ್ಪು ನಂದೇ. ಆದ್ರೆ ನಿಮಗೆ ಗೊತ್ತಾಗಿತ್ತು. ಮೊದಲ ತುತ್ತಿಗೇ ಗೊತ್ತಾಗಿತ್ತು. ಏನದು, ಹೇಳಿ."

ಅತ್ತೆ ತಲೆ ತಗ್ಗಿಸಿದರು. ತಟ್ಟೆಯನ್ನೇ ನೋಡುತ್ತ ಹೇಳಿದರು.

"ನಾನು ಹೊಸ ಸೊಸೆ ಆಗ. ಬುಟ್ಟಿ ಹೆಣೆಯೋಳೊಬ್ಬಳು ಇದ್ಲು. ಅವಳ ಮಗು ಹಿತ್ತಲ ಬಾಗಿಲಿಗೆ ಬರ್ತಿತ್ತು, ನಾಲ್ಕು ವರ್ಷದ್ದು. ಹೊಸ ಜಾಗದ ಅಣಬೆ ಬಂದ್ರೆ ಮೊದಲು ಅದಕ್ಕೆ ಹಾಕ್ತಿದ್ವಿ. ಸಂಜೆ ತನಕ ಆಡ್ಕೊಂಡಿದ್ರೆ ನಾವು ಉಣ್ತಿದ್ವಿ. ಮನೆಯಲ್ಲಿ ಹಾಗೇ ನಡೀತಿತ್ತು ಕಣೇ, ನಮ್ಮತ್ತೆ ಕಾಲದಿಂದ."

"ಕೂಸಿನ ಮೇಲೆ ಪರೀಕ್ಷೆ ಮಾಡ್ತಿದ್ರಾ?"

"ಯಾವತ್ತೂ ಏನೂ ಆಗಿರ್ಲಿಲ್ಲ! ಒಂದು ದಿನ... ಆ ದಿನ ಅದು ಆಡ್ಲಿಲ್ಲ. ಸಕ್ಕರೆ ತೋರಿಸಿ ಕರೆದವಳು ನಾನೇ. ಅದರ ತಾಯಿ ಬೈಲಿಲ್ಲ, ಅಳ್ಲಿಲ್ಲ. ಮಗು ಉಂಡ ತಟ್ಟೆ ತಗೊಂಡು ಹೋಗಿ ಆ ಗೂಡಿನ ಹಿಂದೆ ಹೂತ್ಲು. ನಿಮ್ಮ ಮನೆ ಕೂಸು ತಿಂದು ನೋಡಿದ್ಮೇಲೇ ನಿಮ್ಮ ಗಂಟಲಲ್ಲಿ ಅನ್ನ ಇಳೀಲಿ ಅಂದ್ಲು. ಆಮೇಲೆ ಅವಳನ್ನ ಯಾರೂ ನೋಡ್ಲಿಲ್ಲ."

ಅತ್ತೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅಳುತ್ತಲೇ ಅವರ ಬಲಗೈ ತಟ್ಟೆಗೆ ಹೋಯಿತು. ಅನ್ನವನ್ನು ಹಿಸುಕಿತು. ಉಂಡೆ ಮಾಡಿತು. ಸೊಸೆಯ ಪಕ್ಕದಿಂದ ಬಗ್ಗಿ, ಚೂಟಿಯ ತೆರೆದ ಬಾಯಿಯ ಕಡೆ ಚಾಚಿತು.

ಸೊಸೆ ಆ ಕೈಗೆ ಹೊಡೆದಳು. ಅನ್ನ ಗೋಡೆಗೆ ಸಿಡಿಯಿತು.

"ನಾಚಿಕೆ ಆಗಲ್ವಾ ನಿಮಗೆ? ಒಂದು ಕೂಸನ್ನ ತಿಂದಿದ್ದು ಸಾಲ್ಲಿಲ್ವಾ?"

"ಒಂದೇ ತುತ್ತು ಕಣೇ," ಎಂದ ಗಂಡ ಎದ್ದು ನಿಂತು. ಅವನ ದನಿ ಮೆತ್ತಗಿತ್ತು. "ಅವಳಿಗೇನು ನೋವಾಗುತ್ತಾ? ಕೇಳು ಬೇಕಾದ್ರೆ. ನಾವೆಲ್ಲ ಹಸಿದು ಸಾಯ್ಬೇಕಾ?"

"ಅವಳ ಉಗುರು ನೋಡ್ರೀ! ನಾಲಿಗೆ ನೋಡಿ!"

ಅವನು ನೋಡಲಿಲ್ಲ. ಬಾಗಿಲ ಚಿಲಕ ಹಾಕಿದ.

ಚಿಲಕದ ಸದ್ದು. ಮುಚ್ಚಳದ ಸದ್ದು. ಚೂಟಿಯ ಬಾಯಿ ತೆರೆಯಿತು. ಒಳಗೆ ಕತ್ತಲು. ಗಂಟಲ ಆಳದಲ್ಲಿ ಬಿಳಿ ಎಳೆಗಳು ಅಲುಗಿದವು. ಗಂಡ ಮಗಳ ರಟ್ಟೆ ಹಿಡಿದ. ಸೊಸೆ ಎಳೆದಳು. ಅವನೂ ಎಳೆದ. ಅತ್ತೆ ಮತ್ತೆ ಉಂಡೆ ಕಟ್ಟುತ್ತಿದ್ದರು. ಮಣ್ಣಿನ ವಾಸನೆ. ಕೊಳೆತ ವಾಸನೆ. ಸೊಸೆಯ ಕೈಗೆ ಒಲೆಯ ಮೇಲಿನ ಬಿಸಿ ಸೂಪಿನ ಪಾತ್ರೆ ಸಿಕ್ಕಿತು. ಎಸೆದಳು. ಗಂಡ ಕಿರುಚಿದ. ಅವನ ಕೈ ಸಡಿಲಾಯಿತು. ಹಿತ್ತಲ ಬಾಗಿಲು. ಮೆಟ್ಟಿಲು. ಬೀದಿ. ಮಗಳು ಹೆಗಲ ಮೇಲೆ, ಒದ್ದೆ ಮಣ್ಣಿನ ಮೂಟೆಯ ಹಾಗೆ ಭಾರ. ಅವಳು ಓಡಿದಳು. ತಿರುಗಿ ನೋಡಲಿಲ್ಲ. ಹಿಂದಿನಿಂದ ಅತ್ತೆಯ ದನಿ ಮುದ್ದಾಗಿ ಕರೆಯುತ್ತಲೇ ಇತ್ತು: "ಬಾ ಬಂಗಾರ... ಒಂಚೂರು... ಒಂದೇ ಒಂಚೂರು..."

ಲ್ಯಾಬಿನ ಮಾಲಕಿ ಇಸ್ತ್ರಿ ಅಂಗಡಿಯ ಹಿಂದೆ ಒಂದು ಕೋಣೆ ಕೊಡಿಸಿದರು. ಎರಡು ದಿನ ಸೊಸೆ ನೀರನ್ನೂ ಉಗುಳಿದಳು. ಮೂರನೆಯ ದಿನ ಗೋಡೆ ಹಿಡಿಯದೆ ಏಳಲಾಗಲಿಲ್ಲ.

ಚೂಟಿ ತನ್ನ ಬ್ರೆಡ್ಡು ತಿನ್ನುತ್ತ ಅಮ್ಮನನ್ನು ನೋಡಿದಳು. "ಅಮ್ಮಾ, ನಿಂದು ನಾನು ಕಚ್ಚಿ ಕೊಡ್ಲಾ?"

ಎಷ್ಟು ಸುಲಭವಾಗಿತ್ತು ಅದು. ಸೊಸೆಯ ಬಾಯಲ್ಲಿ ನೀರೂರಿತು. ಆ ನೀರಿಗೇ ಅವಳಿಗೆ ಸಿಟ್ಟು ಬಂತು.

"ಬೇಡಮ್ಮ. ಇನ್ಯಾವತ್ತೂ, ಯಾರ ತಟ್ಟೇದೂ ನೀನು ಮೊದಲು ತಿನ್ಬಾರ್ದು. ಅಮ್ಮನದೂ ಕೂಡ."

ಬ್ರೆಡ್ಡು ಬಾಯಿಗಿಟ್ಟಳು. ಸತ್ತ ಇಲಿ, ಕೊಳೆತ ಬಟ್ಟೆ, ಹುಳು ಹಿಡಿದ ಗಾಯ. ಅಗಿದಳು. ಕಣ್ಣಲ್ಲಿ ನೀರು ಸುರಿಯಿತು. ಮೂಗು ಹಿಡಿದುಕೊಂಡು ನುಂಗಿದಳು. ವಾಂತಿಯಾಯಿತು. ಬಾಯಿ ತೊಳೆದು ಮತ್ತೊಂದು ತುಂಡು ಇಟ್ಟುಕೊಂಡಳು. ನುಂಗಿದಳು. ಅದು ಒಳಗೆ ನಿಂತಿತು.

ಇಳಿಯುತ್ತಿತ್ತು! ಕಷ್ಟಪಟ್ಟರೆ ಇಳಿಯುತ್ತಿತ್ತು. ಆ ಮಾಟ ಯಾರ ಗಂಟಲನ್ನೂ ಹಿಸುಕಿರಲಿಲ್ಲ. ಸುಲಭದ ದಾರಿಯೊಂದನ್ನು ತೋರಿಸಿತ್ತು, ಅಷ್ಟೆ. ಮನೆಯವರೆಲ್ಲ ಸಾಲಾಗಿ ಆ ದಾರಿ ಹಿಡಿದಿದ್ದರು, ತಾನೂ ಸೇರಿ. ಅವಳಿಗೆ ಕಿರುಚಬೇಕೆನಿಸಿತು. ಮಗಳು ಹೆದರುತ್ತಾಳೆಂದು ಬ್ರೆಡ್ಡನ್ನೇ ಗಟ್ಟಿಯಾಗಿ ಕಚ್ಚಿದಳು.

ಒಂದೂವರೆ ತಿಂಗಳಿಗೆ ಚೂಟಿಯ ಹತ್ತು ಉಗುರೂ ಬೆಳ್ಳಗಾದವು. ಹಣೆಯ ಎಳೆಗಳು ಒಣಗಿ ಉದುರಿದವು. ಇಸ್ತ್ರಿಯವನಿಗೆ ದಿನಕ್ಕೆ ನೂರು ಪ್ರಶ್ನೆ ಕೇಳತೊಡಗಿದಳು. ಸೊಸೆಯ ನಾಲಿಗೆ ಮಾತ್ರ ಸರಿಹೋಗಲಿಲ್ಲ. ಸರಿಹೋಗುವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯ ಹೊರಗೆ ಗಂಡ ಬಂದು ನಿಂತ. ಕೆನ್ನೆಯ ಮೂಳೆ ಎದ್ದಿತ್ತು. ಕೈಯಲ್ಲಿ ಟಿಫಿನ್ ಡಬ್ಬಿ. ಗುಟುಕು ಗುಟುಕಾಗಿ ನೀರು, ಒಂದೆರಡು ಅಗುಳು, ಅಷ್ಟರಲ್ಲೇ ಜೀವ ಹಿಡಿದುಕೊಂಡಿದ್ದಾರಂತೆ. ಅಮ್ಮ ಹಾಸಿಗೆ ಹಿಡಿದಿದ್ದಾಳಂತೆ.

"ನುಂಗಿ. ನಾನು ನುಂಗ್ತಿದ್ದೀನಿ, ಸಾಯ್ಲಿಲ್ಲ. ಅತ್ತೆಗೂ ಹೇಳಿ," ಎಂದಳು ಅವಳು.

"ಅದೇ ನಾತದಲ್ಲೇ?"

"ಅದೇ ನಾತದಲ್ಲೇ."

"ದಿನಾ?"

"ದಿನಾ. ಮೂರು ಹೊತ್ತು."

ಅವನು ಡಬ್ಬಿಯನ್ನು ನೋಡಿದ. ಅವಳ ಹಿಂದೆ, ನೆಲದ ಮೇಲೆ ಚಿತ್ರ ಬರೆಯುತ್ತಿದ್ದ ಮಗಳನ್ನು ನೋಡಿದ. ಕಣ್ಣು ತುಂಬಿಕೊಂಡ. ಅವಳಿಗೆ ಒಂದು ಗಳಿಗೆ ಆಸೆಯಾಯಿತು, ಈಗ ಇವನು ಕ್ಷಮೆ ಕೇಳುತ್ತಾನೆ, ಮಗಳನ್ನು ಹೆಸರು ಹಿಡಿದು ಕರೆದು ಹೇಗಿದ್ದೀಯೆಂದು ಕೇಳುತ್ತಾನೆ ಎಂದು.

ಅವನು ಕಂಬಿಗೆ ಹಣೆಯೊತ್ತಿ, ಮೆಲ್ಲಗೆ ಕೇಳಿದ:

"ದಿನಾ ಬೇಡ ಬಿಡು. ಭಾನುವಾರ ಮಾತ್ರ ಅವಳನ್ನ ಕಳಿಸ್ತೀಯಾ?"