ಮಗ್ಗದ ಮನೆಯ ಸಾಗವಾನಿ ಕಂಬಗಳು

ಜೆಸಿಬಿಯ ಬಕೆಟ್ ನನ್ನ ತಲೆಯಿಂದ ಒಂದು ಗೇಣು ಮೇಲೆ ನಿಂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಓಡುತ್ತಿದ್ದರು. ನಾನು ಬೀಡಿ ಹಚ್ಚಿದೆ!

ನಾನು ಅಂದಾನಪ್ಪ. ಬೆಟಗೇರಿಯಿಂದ ಮುಂಡರಗಿಯವರೆಗೆ ಯಾರದೇ ತಂಟೆ ಇರಲಿ, ಬಿಡಿಸುವವನು ನಾನೇ. ನನ್ನ ಹೆಸರು ಕೇಳಿದರೆ ಶಿರಹಟ್ಟಿಯ ನಾಯಿಗಳು ಬೊಗಳುವುದನ್ನು ನಿಲ್ಲಿಸುತ್ತವೆ. ಸುಳ್ಳಲ್ಲ... ಬೇಕಾದರೆ ಹೋಗಿ ಆ ನಾಯಿಗಳನ್ನೇ ಕೇಳಿ!

"ಏ ಅಂದಾನಪ್ಪ, ಸರಿಯಪಾ!" ಮೇಲಿನಿಂದ ಡ್ರೈವರ್ ಮೌಲಾಸಾಬ ಕೂಗಿದ. "ಕೈ ಜಾರಿದ್ರ ನೀ ಚಟ್ನಿ ಆಗ್ತಿ!"

"ನಾ ಸರಿಯೂದಿಲ್ಲ. ನನ್ನ ತಲಿಗೆ ಬಡದು ನಿನ್ನ ಬಕೆಟ್ ಮುರದೀತು, ನೋಡಕೋ!"

ನನ್ನ ಬೆನ್ನ ಹಿಂದೆ ಬೆಟಗೇರಿಯ ಹಳೆಯ ಮಗ್ಗದ ಮನೆ. ಒಳಗೆ ಕಸ್ತೂರೆವ್ವನ ಮಗ್ಗ, ಅವಳ ನೆರೆಯವರ ಮಗ್ಗಗಳು. ಮನೆ ಬಿದ್ದರೆ ಅವೆಲ್ಲ ಒಲೆಗೆ ಸೌದೆ. ಅವಳು ನನ್ನನ್ನು ಕರೆಸಿದ್ದೇ ಅದಕ್ಕೆ. ಫೀಸು? ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನನ್ನಂಥವನಿಗೆ ಅಷ್ಟು ಸಾಕು.

ಬಾಗಿಲಿಗೆ 'ಅಪಾಯಕಾರಿ ಕಟ್ಟಡ' ಎಂಬ ನೋಟಿಸು. ಅದರ ಪಕ್ಕದಲ್ಲೇ, ಇಲ್ಲಿ ಏಳಲಿರುವ ಶಾಪಿಂಗ್ ಕಾಂಪ್ಲೆಕ್ಸಿನ ಬಣ್ಣಬಣ್ಣದ ಫ್ಲೆಕ್ಸು!

ತಮಾಷೆ ಕೇಳಿ. ಎರಡು ವರ್ಷದ ಹಿಂದೆ ಇದೇ ಮನೆಯನ್ನು 'ಪಾರಂಪರಿಕ ಕಟ್ಟಡ' ಎಂದು ಸರ್ಕಾರದ ದುಡ್ಡಿನಲ್ಲಿ ರಿಪೇರಿ ಮಾಡಿದ್ದರು. ಉಳಿಸುವ ಕಾಂಟ್ರಾಕ್ಟು ಸಾಹುಕಾರ ಲೋಹಿತನಿಗೆ. ಈಗ ಕೆಡವುವ ಕಾಂಟ್ರಾಕ್ಟೂ ಲೋಹಿತನಿಗೆ. ನಾಳೆ ಕಾಂಪ್ಲೆಕ್ಸ್ ಕಟ್ಟುವವನು... ಬೇಡ ಬಿಡಿ, ಬಾಯಿ ಹೊಲಸಾಗುತ್ತದೆ.

ಥೂ!

"ಎಳಕೊಂಡ ಬರ್ರಲೇ ಅವನ್ನ!"

ಕೂಗಿದವನು ಸುನೀಲ. ಲೋಹಿತನ ಬಲಗೈ. ಅವನ ಹಿಂದೆ ಹೊರ ಊರಿನಿಂದ ತಂದ ಆಳುಗಳು. ನೋಡಿದವರು ಆರು ಜನ ಎನ್ನುತ್ತಾರೆ. ನನ್ನ ಲೆಕ್ಕದಲ್ಲಿ ಅರವತ್ತು!

ನಾನು ಮಗ್ಗದ ಮನೆಯೊಳಗೆ ನುಗ್ಗಿದೆ. ಓಡಿದೆ ಎನ್ನಬೇಡಿ... ಅವರನ್ನು ಒಳಗೆ ಕರೆದುಕೊಂಡು ಹೋದೆ.

ಅಲ್ಲಿರುವುದು ಕುಣಿಮಗ್ಗಗಳು. ನೇಯುವವರು ನೆಲದ ಮೇಲೆ ಕುಳಿತು, ಎದುರಿನ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಾರೆ. ನಮ್ಮ ಓಣಿಯ ಮಕ್ಕಳು ನಡೆಯಲು ಕಲಿಯುವಾಗಲೇ ಆ ಕುಣಿಗಳನ್ನು ದಾಟುವುದನ್ನೂ ಕಲಿಯುತ್ತವೆ. ಹೊರ ಊರಿನ ಗೂಂಡಾಗಳಿಗೆ ಅದೆಲ್ಲಿ ಗೊತ್ತು? ಹೊರಗೆ ಉರಿಬಿಸಿಲು, ಒಳಗೆ ಕತ್ತಲು.

ಧಡ್!

ಧಡ್! ಧಡ್!

"ಏ ಮೂಳಾ! ನನ್ನ ನೂಲ ಹರದಿ ಅಂದ್ರ ಕಾಲ ಮುರೀತೀನಿ ನೋಡ!" ಕಸ್ತೂರೆವ್ವ ಕೈಯಲ್ಲಿದ್ದ ಲಾಳಿಯಿಂದಲೇ ಬಿದ್ದವರ ತಲೆಗೆ ಕುಟ್ಟುತ್ತಿದ್ದಳು.

ಉಳಿದವನು ಸುನೀಲ ಒಬ್ಬನೇ. ಹಾರೆ ಎತ್ತಿ ನನ್ನತ್ತ ಬೀಸಿ ಒಗೆದ. ನಾನು ಬಗ್ಗಿದೆ. ಹಾರೆ ಹಿಂದಿನ ಕಂಬಕ್ಕೆ ಬಡಿಯಿತು.

ಕಂದು ಬಣ್ಣ ಉದುರಿತು. ಬಣ್ಣದ ಕೆಳಗೆ ಸಿಮೆಂಟು. ಸಿಮೆಂಟೂ ಉದುರಿತು. ಅದರ ಕೆಳಗೆ...

ಪಿವಿಸಿ ಪೈಪು! ಕಕ್ಕಸಿನ ಪೈಪು!

"ಬಡದ್ರ ಪೊಳ್ಳ ಸಪ್ಪಳ ಬರ್ತೈತಿ ಅಂತ ಬಡಕೊಂಡೆ," ಅಂದಳು ಕಸ್ತೂರೆವ್ವ. "ಯಾರ ಕೇಳ್ತಾರ? ರಿಪೇರಿ ಮಾಡೂವಾಗ ಹಳೇ ಸಾಗವಾನಿ ಕಂಬಕ್ಕ ಗೆದ್ದಲ ಹತ್ತ್ಯಾವು, ಸುಟ್ಟ ಬಿಟ್ಟೇವಿ ಅಂದ್ರು. ಸರ್ಕಾರದ ಇಂಜಿನಿಯರ ಸಾಹೇಬನೂ ಹೌದೌದು ಅಂದ."

ಛಾವಣಿ ಯಾಕೆ ಜೋತುಬಿದ್ದಿದೆ ಎಂದು ಈಗ ತಿಳಿಯಿತು. ಪೈಪಿನ ಮೇಲೆ ನಿಂತ ಮನೆ ಅಪಾಯಕಾರಿ ಆಗದೆ ಇನ್ನೇನಾದೀತು?

ಸುನೀಲ ಮೆಲ್ಲಗೆ ಹಿಂದಕ್ಕೆ ಸರಿದ. ಹಿಂದೆಯೂ ಕುಣಿ ಇತ್ತು!

ನಾನು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತೆ. "ಹಳೇ ಕಂಬ ಎಲ್ಲದಾವಲೇ?"

"ನನಗ ಗೊತ್ತಿಲ್ರಿ..."

"ಕಸ್ತೂರೆವ್ವಾ, ನೂಲಿಗೆ ಹಚ್ಚೂ ಗಂಜಿ ಕುದ್ದೈತೇನ?"

"ಕೊತಕೊತ ಕುದಿಯಾಕತ್ತೈತಿ! ತರಲೇನ?"

"ಮಲ್ಲಸಮುದ್ರ!" ಸುನೀಲ ಚೀರಿದ. "ಸಾಹುಕಾರ್ರ ಹೊಸಾ ಹೋಟೆಲಿನಾಗ ಅದಾವ್ರೀ! ಇವತ್ತ ಓಪನಿಂಗ್!"

ಬಾಗಿಲಲ್ಲಿ ಮೌಲಾಸಾಬ ನಿಂತಿದ್ದ. ಅವನ ಕಣ್ಣು ಆ ಪೈಪಿನ ಮೇಲೆ.

"ನಮ್ಮವ್ವ ಇಲ್ಲೇ ಕುಂತು ನೂಲ ಸುತ್ತಿ ನನ್ನ ಬೆಳೆಸಿದ್ಲು," ಅಂದ. ಕ್ಯಾಕರಿಸಿ ಹೊರಗೆ ಉಗುಳಿದ. "ಹತ್ತು ಅಂದಾನಪ್ಪ. ಯಕ್ಕಾ, ನೀನೂ ಹತ್ತು."

ಅದೇ ಜೆಸಿಬಿ! ಅದೇ ಬಕೆಟ್! ಬಾಣದ ಹಾಗೆ ಹೊರಟೆವು. ದಾರಿಯಲ್ಲಿ ಒಂದು ಎಮ್ಮೆ ನಮ್ಮನ್ನು ಓವರ್‌ಟೇಕ್ ಮಾಡಿತು, ಅದು ಬೇರೆ ಮಾತು.

ಹೋಟೆಲಿನ ಮುಂದೆ ಚಂಡು ಹೂವಿನ ಹಾರ, ಸ್ಪೀಕರ್ ಗದ್ದಲ, ಜನ. ಪಡಸಾಲೆಗೆ ಸಾಲಾಗಿ ಸಾಗವಾನಿ ಕಂಬಗಳು, ಪಾಲಿಶ್ ಹೊಡೆದು ಮಿರಮಿರ. ಬಿಳಿ ಬಟ್ಟೆಯ ಲೋಹಿತ. ಪಕ್ಕದಲ್ಲಿ ಮಿರ್ಚಿ ಮೆಲ್ಲುತ್ತಿದ್ದ ಅದೇ ಇಂಜಿನಿಯರ್.

ಕಸ್ತೂರೆವ್ವ ಇಳಿದವಳೇ ಮೇಲೆ ಬೆರಳು ತೋರಿಸಿದಳು. ನೇಕಾರರು ಮಗ್ಗದ ಹಗ್ಗವನ್ನು ಕಂಬದ ಬುಡಕ್ಕೆ ಬಿಗಿಯುತ್ತಾರೆ. ತಲೆಮಾರುಗಳಿಂದ ಉಜ್ಜಿ ಉಜ್ಜಿ ಅಲ್ಲಿ ಕಚ್ಚು ಬಿದ್ದಿರುತ್ತದೆ. ಇಲ್ಲಿ ಆ ಕಚ್ಚು ಛಾವಣಿಯ ಹತ್ತಿರ!

"ನಮ್ಮತ್ತಿ ಹಗ್ಗದ ಗುರುತ ಅದು! ತಲಿಕೆಳಗ ನಿಲ್ಲಿಸ್ಯಾನ ಭಾಡ್ಯಾ!"

"ಯಾರಬೇ ನೀನು?" ಲೋಹಿತ ನಕ್ಕ. "ಇವು ಕೇರಳದಿಂದ ತರಿಸಿದ್ದು."

"ಅಲ್ರಿ ಸಾಹುಕಾರ್ರ, ಈ ಕಂಬಕ್ಕ ಗೆದ್ದಲ ಹತ್ತ್ಯಾವು," ಅಂದೆ. "ಜನರ ತಲಿ ಮ್ಯಾಲೆ ಬಿದ್ರ ಯಾರ ಜವಾಬ್ದಾರಿ? ಮೌಲಾಸಾಬ, ಬೀಳಸ್!"

ಬಕೆಟ್ ಮೇಲೆದ್ದಿತು. ಗುರ್ ಎನ್ನುತ್ತ ಮುಂದೆ ಬಂತು. ಲೋಹಿತ ಓಡಿಬಂದು ಕಂಬ ತಬ್ಬಿಕೊಂಡ. ಹೆಂಡತಿಯನ್ನೂ ಹಾಗೆ ತಬ್ಬಿರಲಿಕ್ಕಿಲ್ಲ!

"ಎಲ್ಲೈತಿಲೇ ಗೆದ್ದಲ! ಬೆಟಗೇರಿ ಮಗ್ಗದ ಮನಿ ಸಾಗವಾನಿ ಇದು! ನಾನ ನಿಂತು ಬಿಚ್ಚಿಸೇನಿ... ಇನ್ನೂ ನೂರ ವರ್ಷ ಅಲುಗೂದಿಲ್ಲ!"

ಸ್ಪೀಕರ್ ನಿಂತಿತು. ಎಲ್ಲರ ಕೈಯಲ್ಲೂ ಮೊಬೈಲು ಮೇಲೆದ್ದಿತ್ತು.

"ಸಾಹೇಬ್ರ," ಇಂಜಿನಿಯರ್ ಕಡೆ ತಿರುಗಿದೆ, "ಗೆದ್ದಲ ಅಂದವ್ರು ನೀವ ಅಲ್ರಿ?"

"ಖಾರ... ಮಿರ್ಚಿ ಭಾಳ ಖಾರ ಐತಿ..." ಅಂದ. ಅವನ ಕಣ್ಣಲ್ಲಿ ನೀರು.

ಆ ವಿಡಿಯೋ ಊರೆಲ್ಲ ಹರಿದಾಡಿದ ಮೇಲೆ ಲೋಹಿತನೇ ಕಂಬ ಬಿಚ್ಚಿಸಿ ಕೊಟ್ಟ; ಸಂಜೆಯೊಳಗೆ ಟ್ರ್ಯಾಕ್ಟರಿನಲ್ಲಿ ಅವು ಬೆಟಗೇರಿಗೆ ಬಂದವು. ಒಂದೊಂದು ಹೆಗಲ ಮೇಲೆ ಒಂದೊಂದು ಹೊತ್ತು ನಾನೇ ಇಳಿಸಿದೆ. ನಂಬದಿದ್ದರೆ ಬಿಡಿ. ಈ ಸಲ ಬುಡ ಕೆಳಗೆ, ತುದಿ ಮೇಲೆ. ನೋಟಿಸು ಹರಿಯಿತು. ಮಗ್ಗಗಳು ಉಳಿದವು.

ಲೋಹಿತ ಜೈಲಿಗೆ ಹೋದನೇ?

ನಗಬೇಡಿ. ತಿಂಗಳು ಕಳೆಯುವಷ್ಟರಲ್ಲಿ ಸಮಾರಂಭ. ಶಾಲು, ಹಾರ, ಭಾಷಣ! ಮಗ್ಗದ ಮನೆಯ ಮುಂದೆ ಸರ್ಕಾರಿ ಖರ್ಚಿನಲ್ಲಿ ಸ್ಟೀಲಿನ ದೊಡ್ಡ ಬೋರ್ಡು: 'ಈ ಅಮೂಲ್ಯ ಕಂಬಗಳನ್ನು ಜೋಪಾನವಾಗಿ ಕಾಪಾಡಿ ಮರಳಿಸಿದ ಮಹನೀಯರು...' ಕೆಳಗೆ ಲೋಹಿತನ ಹೆಸರು. ಕಾಂಪ್ಲೆಕ್ಸಿನ ಫ್ಲೆಕ್ಸು ಈಗ ಲಕ್ಷ್ಮೇಶ್ವರದಲ್ಲಿ ಇನ್ನೊಂದು ಹಳೆಯ ಕಟ್ಟಡದ ಮುಂದೆ ನಿಂತಿದೆ.

ಬೋರ್ಡು ಕಿತ್ತೊಗೆಯಲು ಹಾರೆ ಎತ್ತಿದೆ. ಕಸ್ತೂರೆವ್ವ ತಡೆದಳು.

"ಬಿಡೋ ತಮ್ಮಾ. ಸ್ಟೀಲ್ ಐತಿ, ಜಂಗ ಹಿಡಿಯೂದಿಲ್ಲ."

ಈಗ ದಿನಾ ಬೆಳಿಗ್ಗೆ ಬಣ್ಣದಿಂದ ತೆಗೆದ ಒದ್ದೆ ನೂಲನ್ನು ಅವಳು ತುಕ್ಕಿನ ಕಲೆಯ ಭಯವಿಲ್ಲದೆ ಅದರ ಮೇಲೆಯೇ ಒಣಹಾಕುತ್ತಾಳೆ. ಸರ್ಕಾರದ ದುಡ್ಡಿನಲ್ಲಿ ಆ ಮನೆಗೆ ಬಂದ ಉಪಯೋಗದ ವಸ್ತು ಅದೊಂದೇ!